ಅನ್ನ ಬಂದ ದಿಕ್ಕಿಗೆ ವಾಲಿದ ಮನೆ

ನಮ್ಮೂರಿನಲ್ಲಿ ಮನೆಗಳು ಅನ್ನ ಬಂದ ದಿಕ್ಕಿಗೆ ವಾಲುತ್ತವೆ. ಯಾರ ದುಡ್ಡಿನಿಂದ ಒಲೆ ಉರಿಯುತ್ತದೋ ಅವರಿರುವ ಕಡೆಗೆ ಗೋಡೆ, ಕಂಬ, ಸೂರು ಎಲ್ಲವೂ ಒಟ್ಟಿಗೆ ಬಾಗುತ್ತವೆ. ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವವನ ಮನೆ ಜವಳಿ ಬೀದಿಗೆ ವಾಲಿರುತ್ತದೆ, ಸಂಬಳದ ಮೇಷ್ಟರ ಮನೆ ಖಜಾನೆಯ ಕಡೆಗೆ. ಅತ್ತೆಮನೆಯಿಂದ ಕದ್ದುಮುಚ್ಚಿ ರಾಗಿ ತರಿಸಿಕೊಳ್ಳುವ ಅಳಿಯನ ಗುಟ್ಟು ಮೂರು ತಿಂಗಳು ದಾಟುವುದಿಲ್ಲ. ಹೀಗಾಗಿ ನಮ್ಮಲ್ಲಿ ಒಂದು ಮರ್ಯಾದೆ ಬೆಳೆದುಬಂದಿದೆ: ಯಾರ ಮನೆಯ ವಾಲಿನ ಮಾತನ್ನೂ ಅವರ ಎದುರಿಗೆ ಎತ್ತಬಾರದು. ಬೆನ್ನ ಹಿಂದೆ ಆಡಿಕೊಳ್ಳಲು ಅಡ್ಡಿಯಿಲ್ಲ. ಅದನ್ನು ಎಲ್ಲರೂ ಶ್ರದ್ಧೆಯಿಂದಲೇ ಮಾಡುತ್ತೇವೆ.

ನಾನು ಬಡಗಿ, ಹೆಸರು ಮೌನೇಶಾಚಾರಿ. ಹೆಸರಿಗೂ ಬಾಯಿಗೂ ತಾಳಮೇಳವಿಲ್ಲ ಎಂದು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಹೇಳಿದ್ದಳು. ಇಂಥ ಊರಿನಲ್ಲಿ ಬಡಗಿಗೆ ಕೆಲಸಕ್ಕೆ ಬರವಿಲ್ಲ. ಬಾಗಿಲು ಉಜ್ಜಿ ಕೂಡಿಸಬೇಕು, ತೊಟ್ಟಿಲ ಸರಪಳಿಯನ್ನು ಒಂದು ಕಡೆ ಗಿಡ್ಡ ಮಾಡಬೇಕು, ಮಂಚದ ಎರಡು ಕಾಲು ಕೊಯ್ಯಬೇಕು. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ಅಂಬುಜಕ್ಕನದು. ಅವಳು ಊರ ನಡುವಿನ ಹೆರಿಗೆ ಮನೆಯ ಮುಖ್ಯಸ್ಥೆ. ಅವಳ ಮನಸ್ಸಿನಲ್ಲಿ ಆದದ್ದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ನಾನು ಅಂಗಳದಲ್ಲಿ ಕೂತು ಮಂಚದ ಕಾಲು ಕೊಯ್ಯುವಾಗ ಅವಳು ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು. ಗರಗಸದ ಸದ್ದಿನಲ್ಲಿ ಮನಸ್ಸು ಬಿಚ್ಚುವುದು ಸುಲಭವಂತೆ.

ಆ ಹೆರಿಗೆ ಮನೆಯನ್ನು ಮೂವತ್ತೆರಡು ವರ್ಷದ ಹಿಂದೆ ಕಟ್ಟಿಸಿದವರು ಎಣ್ಣೆ ಮಿಲ್ಲಿನ ಸಂಪಂಗಿ ಶೆಟ್ಟರು. ಮದುವೆಯೇ ಆಗದ ಗಂಡಸಿಗೆ ಹೆರಿಗೆಯ ಉಸಾಬರಿ ಯಾಕೆ ಎಂದು ಆಗ ಊರು ನಕ್ಕಿತ್ತು. ಶೆಟ್ಟರು ಕಾರಣ ಹೇಳಲಿಲ್ಲ, ಒಂದು ಕಟ್ಟಳೆ ಮಾತ್ರ ಹೇಳಿದರು. ಇಲ್ಲಿಗೆ ಬರುವ ಹೆಂಗಸು ಕೈ ಬೀಸಿಕೊಂಡು ಬರಬೇಕು, ಮಗು ಎತ್ತಿಕೊಂಡು ಹೋಗಬೇಕು, ಒಂದು ವೀಳ್ಯದೆಲೆಯನ್ನೂ ಅವಳಿಂದ ಇಸಿದುಕೊಳ್ಳಕೂಡದು. ಅಕ್ಕಿ, ಬೇಳೆ, ಔಷಧ, ದಾದಿಯರ ಸಂಬಳ, ಬಾಣಂತಿಯರ ತಲೆಗೆ ಹಾಕುವ ಎಣ್ಣೆ, ಎಲ್ಲವೂ ಪೂರ್ವದ ಕೊನೆಯಲ್ಲಿದ್ದ ಅವರ ಮಿಲ್ಲಿನಿಂದಲೇ ಬಂದವು. ಮನೆಯೂ ವರ್ಷ ವರ್ಷ ಪೂರ್ವಕ್ಕೆ ವಾಲಿತು. ಚೆಲ್ಲಿದ ನೀರು ತಾನಾಗಿ ಮೂಡಣ ಬಾಗಿಲಿಗೆ ಓಡುತ್ತಿತ್ತು. ನೆಲ ಎತ್ತರವಿದ್ದ ಪಡುವಣ ಕಡೆಯ ಮಂಚದ ಕಾಲುಗಳನ್ನು ನಾನು ಪ್ರತಿವರ್ಷ ಬೆರಳಷ್ಟು ಕೊಯ್ದು ಕೊಯ್ದು ಅವು ಗೇಣುದ್ದಕ್ಕೆ ಬಂದಿದ್ದವು. ಆ ಮನೆಯಲ್ಲಿ ಹುಟ್ಟಿದವರು ನಿಂತಾಗ ಒಂದು ಭುಜವನ್ನು ತುಸು ಇಳಿಸಿಯೇ ನಿಲ್ಲುತ್ತಾರೆ. ಊರಿನಲ್ಲಿ ಅಂಥವರು ಅರ್ಧಕ್ಕಿಂತ ಹೆಚ್ಚು.

ಅಂಬುಜಕ್ಕನ ತಾಯಿ ಶೆಟ್ಟರ ಮಿಲ್ಲಿನಲ್ಲಿ ಎಳ್ಳು ಕೇರುತ್ತಿದ್ದವಳು. ತಾಯಿ ತೀರಿಕೊಂಡ ವರ್ಷ ಹುಡುಗಿಯನ್ನು ದಾದಿಯ ತರಬೇತಿಗೆ ಕಳಿಸಿ, ಓದಿಸಿ, ಮರಳಿ ಬಂದಾಗ ಹೆರಿಗೆ ಮನೆಯ ಬೀಗದ ಕೈ ಕೊಟ್ಟವರು ಶೆಟ್ಟರೇ. ಅವಳು ಬೆಳಿಗ್ಗೆ ಎದ್ದು ಕಣ್ಣು ಬಿಡುವ ಮೊದಲು ಮನಸ್ಸಿನಲ್ಲಿ ಪೂರ್ವಕ್ಕೆ ಒಂದು ಸಲ ಕೈ ಮುಗಿಯುತ್ತಿದ್ದಳು. ಸೂರ್ಯನಿಗೋ ಶೆಟ್ಟರಿಗೋ ಎಂದು ನಾನು ಒಮ್ಮೆ ರೇಗಿಸಿದ್ದೆ. ಇಬ್ಬರಿಗೂ ಸೇರಿ ಒಂದೇ ನಮಸ್ಕಾರ ಕಣೋ ಆಚಾರಿ ಎಂದಿದ್ದಳು.

ಒಂದು ಚಳಿಗಾಲದ ಬೆಳಿಗ್ಗೆ ಗೌಸ್ ಮೇಸ್ತ್ರಿ ಸೂರಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೋಡಿ, ಬೀಡಿ ಹಚ್ಚುವುದನ್ನೂ ಮರೆತು ನಿಂತ. ಗುಂಡು ತಳಪಾಯದಿಂದ ಮೂರು ಗೇಣು ಆಚೆ ತೂಗುತ್ತಿತ್ತು. ಅಂಬುಜಕ್ಕ ಏನಾಯಿತೆಂದು ಕೇಳಿದಳು. "ಹೋದ ಮಳೆಗಾಲ ಹೆಂಗೋ ತಡೀತಮ್ಮ. ಮುಂದಿನದು ತಡಿಯಲ್ಲ," ಎಂದ. ತೊಲೆ ಕೊಟ್ಟು ನಿಲ್ಲಿಸಿದರೆ ಹೇಗೆ ಎಂದು ಅವಳು ಕೇಳಿದ್ದಕ್ಕೆ, ಹದಿನೆಂಟು ಮಂಚದ ಕಟ್ಟಡಕ್ಕೆ ಕೊಟ್ಟ ತೊಲೆ ಕಡ್ಡಿಯ ಹಾಗೆ ಮುರಿಯುತ್ತದೆ, ಬೇರೆ ದಿಕ್ಕಿನಿಂದ ಅನ್ನ ಬಂದರೆ ಮಾತ್ರ ಇದು ಎದ್ದು ನಿಲ್ಲುತ್ತದೆ ಎಂದು ಖಡಾಖಂಡಿತವಾಗಿ ಹೇಳಿದ. ನಮ್ಮೂರು ಬಿಟ್ಟರೆ ಇನ್ನೊಂದು ಹೆರಿಗೆ ಮನೆ ಎತ್ತಿನ ಗಾಡಿಯಲ್ಲಿ ಒಂದೂವರೆ ದಿನದ ದಾರಿ. ನೋವು ತಿನ್ನುವ ಹೆಂಗಸಿಗೆ ಒಂದೂವರೆ ದಿನವೆಂದರೆ ಏನೆಂದು ಅಂಬುಜಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಶೆಟ್ಟರ ಹತ್ತಿರ ಹೋಗಿ, ಕೊಡುವುದನ್ನು ಕಡಿಮೆ ಮಾಡಿ ಎಂದು ಹೇಳಬೇಕು. ಓದಿಸಿದವರಿಗೆ, ಅನ್ನ ಹಾಕಿದವರಿಗೆ, ನಿಮ್ಮ ಅನ್ನ ಭಾರವಾಯಿತು ಎಂದು ಯಾವ ಬಾಯಲ್ಲಿ ಹೇಳುವುದು? ಉಂಡ ಮನೆಗೆ ಎರಡು ಬಗೆದವಳು ಅನ್ನಿಸಿಕೊಳ್ಳುವುದಕ್ಕಿಂತ ಮನೆಯ ಅಡಿಗೆ ಸಿಕ್ಕಿ ಸಾಯುವುದೇ ಮೇಲು ಎಂದು ಅವಳು ನನ್ನೆದುರಿಗೆ ಅತ್ತಳು. ನೀನೊಬ್ಬಳೇ ಆದರೆ ಸಾಯಬಹುದು, ಮಿಕ್ಕ ಹದಿನೆಂಟು ಮಂಚದವರನ್ನು ಕೇಳಿದೆಯಾ ಎಂದು ನಾನು ಗದರಿದೆ. ಗದರಿದ್ದು ಅವಳಿಗೆ ಹಿಡಿಸಲಿಲ್ಲ, ಆದರೆ ಕಣ್ಣು ಒರೆಸಿಕೊಂಡಳು.

ಅವಳು ಹಿಡಿದ ಮೊದಲ ದಾರಿ ತಪ್ಪು ದಾರಿ. ಪಶ್ಚಿಮದ ಕೊನೆಯಲ್ಲಿ ಹೆಂಚಿನ ಫ್ಯಾಕ್ಟರಿಯ ಜಯಶೀಲ ಎಂಬ ಹೊಸ ಸಾಹುಕಾರ ಇದ್ದ. ಪೂರ್ವದವರು ಎಷ್ಟು ಎಳೆಯುತ್ತಾರೋ ಅಷ್ಟೇ ಪಶ್ಚಿಮದಿಂದ ಎಳೆದರೆ ಮನೆ ನೆಟ್ಟಗಾಗುತ್ತದೆ, ಶೆಟ್ಟರಿಗೂ ಏನೂ ಹೇಳಬೇಕಾಗುವುದಿಲ್ಲ ಎಂಬುದು ಅವಳ ಲೆಕ್ಕ. ನಮಗೆಲ್ಲರಿಗೂ ಅದು ಸರಿಯೆಂದೇ ಕಂಡಿತು. ಜಯಶೀಲ ತನ್ನ ಹೆಸರಿನ ಬೋರ್ಡು ಹಾಕಿಸುವ ಮಾತಿನ ಮೇಲೆ ಧಾರಾಳವಾಗಿ ಕೊಟ್ಟ. ವಾರದೊಳಗೆ ಮನೆ ಕಿರ್ರೆಂದು ಪಶ್ಚಿಮಕ್ಕೆ ಸರಿಯತೊಡಗಿತು. ದಾದಿಯರು ಪಾಯಸ ಮಾಡಿದರು. ನಾನೂ ಎರಡು ಲೋಟ ಕುಡಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹೆರಿಗೆ ಕೋಣೆಯ ಬಾಗಿಲಿನ ಮೇಲಿಂದ ಹೊರಟ ಬಿರುಕು ಮಧ್ಯಾಹ್ನದ ಹೊತ್ತಿಗೆ ಸೂರಿನ ನೆತ್ತಿ ಮುಟ್ಟಿತು. ಮನೆಯ ಮೂಡಣ ಅರ್ಧ ಶೆಟ್ಟರ ಕಡೆಗೇ ಉಳಿದಿತ್ತು, ಪಡುವಣ ಅರ್ಧ ಜಯಶೀಲನ ಕಡೆಗೆ ಹೊರಟಿತ್ತು. ಒಂದು ಪಂಚೆಯನ್ನು ಇಬ್ಬರು ಎರಡು ಕಡೆಯಿಂದ ಹಿಡಿದು ಎಳೆದರೆ ಏನಾಗುತ್ತದೋ ಅದೇ ಆಗಿತ್ತು. ಒಳಗೆ ಆಗತಾನೆ ಹುಟ್ಟಿದ ಕೂಸಿನ ತಲೆಯ ಮೇಲೆ ಸುಣ್ಣದ ಪುಡಿ ಉದುರಿ, ಅದರ ಅಜ್ಜಿ ಮೊಮ್ಮಗ ಮುದುಕನಾಗಿಯೇ ಹುಟ್ಟಿದ ಎಂದು ಬೊಬ್ಬೆ ಹಾಕಿದಳು. ಅಂಬುಜಕ್ಕ ನಗಲಿಲ್ಲ. ತಾಯಿ ಮಗುವನ್ನು ತಾನೇ ಎತ್ತಿ ಆಚೆಯ ಕೋಣೆಗೆ ಸಾಗಿಸಿ, ಅಂದೇ ಫ್ಯಾಕ್ಟರಿಗೆ ಹೋಗಿ ಜಯಶೀಲನ ದುಡ್ಡು ವಾಪಸ್ಸು ಕೊಟ್ಟಳು. ತನ್ನ ದುಡ್ಡಿಗೇನು ಹುಳ ಬಿದ್ದಿದೆಯೇ ಎಂದು ಅವನು ಕೂಗಾಡಿದ. ದುಡ್ಡು ಒಳ್ಳೆಯದೇ, ನಮ್ಮ ಗೋಡೆಯೇ ತಡೆಯಲಿಲ್ಲ ಎಂದು ಹೇಳಿ ಬಂದಳು.

ಬಿರುಕು ನೋಡಲು ಬಂದ ಗೌಸ್ ಮೇಸ್ತ್ರಿಯ ಕೈಯಲ್ಲಿ ಹೊಸ ತೂಗುಗುಂಡು ಇತ್ತು. ಇದು ಸರಿಯಾಗಿದೆಯೋ ಇಲ್ಲವೋ ಎಂದು ಅವಳು ಅನುಮಾನಪಟ್ಟಾಗ, ತಿಮ್ಮದಾಸಯ್ಯನ ಗುಡಿಸಿಲಿಗೆ ಹಿಡಿದು ನೋಡಿಕೊಂಡೇ ಬಂದಿದ್ದೇನೆ ಎಂದ. ಯಾವ ಹೊಸ ಗುಂಡು ತಂದರೂ ಅವನು ಪರೀಕ್ಷೆ ಮಾಡುವುದು ಅಲ್ಲೇ ಅಂತೆ. ಊರಿನಲ್ಲಿ ಕೂದಲೆಳೆಯಷ್ಟೂ ವಾಲದ ಸೂರು ಅದೊಂದೇ. ಜಾಗಟೆ ಬಾರಿಸಿಕೊಂಡು ಮನೆ ಮನೆ ತಿರುಗಿ ಭಿಕ್ಷೆ ಎತ್ತುವವನ ಗುಡಿಸಿಲು ಊರಿಗೆಲ್ಲ ನೆಟ್ಟಗಿದೆ ಎಂಬುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೆವು, ಒಮ್ಮೆಯೂ ಯೋಚಿಸಿರಲಿಲ್ಲ. ಅಂಬುಜಕ್ಕ ಸೆರಗು ಕೊಡವಿಕೊಂಡು ಆಗಲೇ ದಾಸಯ್ಯನಲ್ಲಿಗೆ ಹೊರಟಳು, ನಾನೂ ಹಿಂದೆ ಹೋದೆ.

ದಾಸಯ್ಯ ಗುಡಿಸಿಲ ಮುಂದೆ ಜೋಳಿಗೆ ಬಿಚ್ಚಿ ಅಕ್ಕಿಯೊಳಗಿನ ರಾಗಿ, ರಾಗಿಯೊಳಗಿನ ಹುರುಳಿ ಬೇರೆ ಮಾಡುತ್ತಿದ್ದ. ಅವಳು ಕೇಳಿದ್ದಕ್ಕೆ ಮೊದಲು ನಕ್ಕ. ಆಮೇಲೆ ಹೇಳಿದ: "ನಾನು ಒಂದ್ ಮನೇಲಿ ಒಂದ್ ಬೊಗಸೆ ಮೇಲೆ ಇಸ್ಕೊಳಲ್ಲ ತಾಯಿ. ಸೇರು ತುಂಬ್ಕೊಂಡು ಬಂದ್ರೂ ಬೊಗಸೆ ಸಾಕು ಅಂತೀನಿ. ಒಂದ್ ಬೀದಿಲಿ ಬೈದು ಕಳಿಸಿದ್ರೂ ಇನ್ನೊಂದ್ ಬೀದಿಲಿ ನನ್ನ ಊಟ ಇರ್ತದೆ. ಯಾರ್ ಮೇಲೂ ಭಾರ ಇಲ್ಲ, ಯಾರ್ ಭಾರನೂ ನನ್ ಮೇಲಿಲ್ಲ." ಅಷ್ಟು ಹೇಳಿ ಮತ್ತೆ ಹುರುಳಿ ಆರಿಸತೊಡಗಿದ.

ಎಲ್ಲ ಬೀದಿಗಳಿಂದಲೂ ಒಂದೊಂದು ಬೊಗಸೆ ಎತ್ತಬೇಕೆಂದು ಅವಳಿಗೆ ದಾರಿಯಲ್ಲೇ ಹೊಳೆದಿತ್ತು. ಆದರೆ ಎತ್ತುವುದು ಯಾರಿಂದ? ಅರ್ಧ ಊರು ಅದೇ ಮನೆಯಲ್ಲಿ ಹೆತ್ತದ್ದು, ಇಲ್ಲವೇ ಹುಟ್ಟಿದ್ದು. ಅವರಿಂದ ವೀಳ್ಯದೆಲೆಯನ್ನೂ ಇಸಿದುಕೊಳ್ಳಕೂಡದೆಂದು ಶೆಟ್ಟರು ಹಾಕಿದ ಕಟ್ಟಳೆಯಿತ್ತಲ್ಲ. ಈಗ ಒಂದಲ್ಲ, ಎರಡು ಮಾತು ಶೆಟ್ಟರಿಗೆ ಹೇಳಬೇಕಾಯಿತು: ನೀವು ಕಡಿಮೆ ಕೊಡಿ, ನೀವು ಹಾಕಿದ ಕಟ್ಟಳೆಯನ್ನು ನಾನು ಮುರಿಯುತ್ತೇನೆ. ಮೂರು ದಿನ ಅನ್ನ ಸರಿಯಾಗಿ ಸೇರಲಿಲ್ಲ ಅವಳಿಗೆ. ನಾಲ್ಕನೆಯ ದಿನ, ನೀನೂ ಬಾ ಆಚಾರಿ, ದಾರಿಯಲ್ಲಿ ನಾನು ವಾಪಸ್ಸು ತಿರುಗಿದರೆ ಹಿಡಿದುಕೋ ಎಂದು ನನ್ನನ್ನು ಕರೆದಳು. ನನಗೆ ಹೋಗಲು ಮನಸ್ಸಿರಲಿಲ್ಲ; ಯಾಕೆಂದು ಆಗ ಅವಳಿಗೆ ಹೇಳುವಂತಿರಲಿಲ್ಲ.

ಶೆಟ್ಟರು ಎಂಬತ್ತರ ಹತ್ತಿರದವರು. ಮಿಲ್ಲಿನ ಬಳಿಯೇ ಇದ್ದ ಮನೆಯ ಒಳಗೆ ಚಾಪೆ ಹಾಸಿಕೊಂಡು ಕೂತಿದ್ದರು. ಉತ್ತರದ ಗೋಡೆಯ ಉದ್ದಕ್ಕೂ ಹಿಂಡಿಯ ಮೂಟೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಅಂಬುಜಕ್ಕ ಮಾತು ಹೊಂದಿಸಿಕೊಳ್ಳುತ್ತ ಒಂದು ಮೂಟೆಗೆ ಒರಗಿದಳು. ಹಳೆಯ ಗೋಣಿ, ಹಿಂಡಿಯೆಲ್ಲ ಹುಡಿಯಾಗಿತ್ತು. ಮೂಟೆ ಜರಿದು ಕೆಳಗೆ ಬಿತ್ತು. ಹಿಂದೆ ತೇಗದ ಒಂದು ದಪ್ಪ ತೊಲೆ ನೆಲದಿಂದ ಗೋಡೆಗೆ ಓರೆಯಾಗಿ ನಿಂತಿತ್ತು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ತೊಲೆಯ ತುದಿಯಲ್ಲಿ ಸಣ್ಣ ಮಾವಿನಕಾಯಿಯ ಗುರುತು ಕೆತ್ತಿತ್ತು. ನಾನು ಮಾಡಿದ ಕೆಲಸಕ್ಕೆಲ್ಲ ಆ ಗುರುತು ಹಾಕುವುದು ನನ್ನ ರೂಢಿ; ಹೆರಿಗೆ ಮನೆಯ ಮಂಚಗಳಿಗೂ ಹಾಕಿದ್ದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ನನ್ನ ಕಾಲುಬೆರಳು ನೋಡಿದೆ.

ನಾಲ್ಕು ವರ್ಷದ ಹಿಂದೆ ಶೆಟ್ಟರು ನನ್ನನ್ನು ಕರೆಸಿ, ಉಳಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು. ನಮ್ಮ ಕಸುಬಿನಲ್ಲಿ ಉಳಿ ಮುಟ್ಟಿ ಕೊಟ್ಟ ಮಾತೆಂದರೆ ತಾಯಿಯ ತಲೆ ಮುಟ್ಟಿ ಕೊಟ್ಟ ಮಾತಿಗಿಂತ ದೊಡ್ಡದು. ಮಿಲ್ಲಿಗೆ ಒರಗಿದ್ದ ಅವರ ಮನೆ ಆಗ ಉತ್ತರಕ್ಕೆ ತಿರುಗತೊಡಗಿತ್ತು. ಉತ್ತರದ ಬೀದಿಯಲ್ಲಿ ಇರುವುದು ಗಿರವಿ ಅಂಗಡಿ. ಊರು ಅದನ್ನು ನೋಡದ ಹಾಗೆ ನಾನು ತೊಲೆ ಕೊಟ್ಟು ನಿಲ್ಲಿಸಿದ್ದೆ, ಯಾರಿಗೂ ಉಸಿರೆತ್ತಿರಲಿಲ್ಲ. ಇಷ್ಟು ಮಾತಿನ ಮನುಷ್ಯ ಬದುಕಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ಆ ಒಂದು ವಿಷಯಕ್ಕೆ, ಅದೇ ಹೆರಿಗೆ ಮನೆಯನ್ನು ಬೀಳಿಸುವವರೆಗೆ ತಂದಿತ್ತು.

ಶೆಟ್ಟರು ಬಿದ್ದ ಮೂಟೆಯನ್ನು ನೋಡುತ್ತಲೇ ಬಾಯಿ ಬಿಟ್ಟರು. ಪೇಟೆಯಿಂದ ಡಬ್ಬದ ಎಣ್ಣೆ ಬರತೊಡಗಿದ ಮೇಲೆ ಮಿಲ್ಲು ಕುಂಟುತ್ತಿದೆಯಂತೆ. ಮೊದಲು ಎಳ್ಳಿನ ಹೊಲ ಅಡ ಹೋಯಿತು, ಆಮೇಲೆ ತಾಯಿಯ ಒಡವೆ. ಹೆರಿಗೆ ಮನೆಗೆ ಕೊಡುವುದನ್ನು ಒಂದು ಪಾವು ಕಡಿಮೆ ಮಾಡಿದರೂ ಆ ಕಟ್ಟಡ ಅಷ್ಟು ಮೇಲೇಳುತ್ತದೆ, ಮಾರನೆಯ ದಿನವೇ ಶೆಟ್ಟರ ಕೈ ಸೋತಿತೆಂದು ಊರು ಓದಿಕೊಳ್ಳುತ್ತದೆ. ಆ ಹೆದರಿಕೆಗೆ ಇಲ್ಲದ್ದನ್ನು ತಂದು ತಂದು ಸುರಿದಿದ್ದರು. ಅಂಬುಜಕ್ಕ ತಾನು ಬಂದ ವಿಷಯ ಹೇಳಿದಳು: ಮನೆ ಬೀಳುತ್ತಿದೆ, ಕಡಿಮೆ ಕೊಡಿ, ಊರಿನವರಿಂದ ಬೊಗಸೆ ಎತ್ತಲು ಅಪ್ಪಣೆ ಕೊಡಿ. ಬೈಗುಳಕ್ಕೆ ತಲೆಬಾಗಿ ನಿಂತಳು.

ಶೆಟ್ಟರು ಚಾಪೆಯ ಮೇಲೆ ಕೂತಲ್ಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನಾಲ್ಕು ವರ್ಷದಿಂದ ಈ ಮಾತನ್ನ ಯಾರಾದ್ರೂ ಬಂದು ಹೇಳ್ಲಿ ಅಂತ ಕಾಯ್ತಾ ಇದ್ದೆ ಕಣಮ್ಮ," ಎಂದರು. "ನನ್ನ ಬಾಯಿಂದ ಬರ್ತಿರ್ಲಿಲ್ಲ." ಅವಳು ಅವರ ಕಾಲ ಬಳಿ ಕೂತು ಅತ್ತಳು, ಅವರೂ ಅತ್ತರು. ನನಗೆ ಅಲ್ಲಿ ಏನು ಕೆಲಸ? ಜರಿದ ಮೂಟೆಯನ್ನು ಎತ್ತಿ ಮತ್ತೆ ತೊಲೆಯ ಮುಂದೆ ಇಟ್ಟೆ. ಅಷ್ಟು ದಿನ ಹೊತ್ತ ಗುಟ್ಟು ಇಳಿದು ಮೈ ಹಗುರವಾಗಿತ್ತು.

ಅವಳು ಬೊಗಸೆ ಎತ್ತಲು ಮೊದಲು ಹೋದದ್ದು ದಕ್ಷಿಣದ ಇಟ್ಟಿಗೆ ಗೂಡಿನ ಕೇರಿಗೆ. ಅಲ್ಲಿನ ಪುಟ್ಟಹೊನ್ನಿ ಐದು ಹೆರಿಗೆಯನ್ನೂ ಅಂಬುಜಕ್ಕನ ಕೈಯಲ್ಲೇ ಕಂಡವಳು, ಇಟ್ಟಿಗೆ ಹೊತ್ತು ನೆತ್ತಿ ಸವೆದವಳು. ಮೊರ ಹಿಡಿದು ಬಾಗಿಲಲ್ಲಿ ನಿಂತ ಅಂಬುಜಕ್ಕ ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದಳು. ಇಲ್ಲದವರ ಮನೆ ಮುಂದೆ ಬೇಡಲು ನಿಂತೆನಲ್ಲ ಎಂಬ ಸಂಕಟ. ವಿಷಯ ಕೇಳಿದ ಪುಟ್ಟಹೊನ್ನಿ ಒಳಗೆ ಹೋಗಿ ಬೊಗಸೆ ತುಂಬ ನವಣೆ ತಂದು ಮೊರಕ್ಕೆ ಸುರಿದಳು. ಕೈ ಅಲ್ಲೇ ಇಟ್ಟುಕೊಂಡು, "ನಮ್ ಕೈಲಿ ಇಸ್ಕೊಳ್ಳೋಕೆ ನಿಮಗೆ ಮನಸ್ಸಿಲ್ಲ ಅಂದ್ಕೊಂಡಿದ್ವಿ ಅಕ್ಕ, ಇಷ್ಟು ವರ್ಷನೂ," ಎಂದಳು. ಮೂವತ್ತೆರಡು ವರ್ಷ ದೊಡ್ಡತನವೆಂದು ನಾವು ತಿಳಿದದ್ದು ಆ ಕೇರಿಯ ಹೆಂಗಸರಿಗೆ ಬೇರೆ ಥರ ಮುಟ್ಟಿತ್ತು. ಅಂಬುಜಕ್ಕ ಆ ಕೈಯನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

ಆಮೇಲೆ ನೋಡಬೇಕಿತ್ತು. ಹದಿನೈದು ದಿನದಲ್ಲಿ ಮೊರ ಸಾಲದೆ ಬಂಡಿ ಕಟ್ಟಬೇಕಾಯಿತು. ಒಂದು ಮನೆಗೆ ತಿಂಗಳಿಗೆ ಒಂದೇ ಬೊಗಸೆ, ಹೆಚ್ಚು ಕೊಟ್ಟರೆ ವಾಪಸ್ಸು. ಮೂಟೆಯನ್ನೇ ಹೊರಿಸಿಕೊಂಡು ಬಂದ ದಿನಸಿ ಅಂಗಡಿಯವನನ್ನು ಅಂಬುಜಕ್ಕ ಗೇಟಿನಲ್ಲೇ ತಡೆದು, ಮೂಟೆ ಬಿಚ್ಚಿಸಿ, ಬೊಗಸೆ ತೆಗೆದುಕೊಂಡು ಕಳಿಸಿದಳು. ಗರಡಿಯ ಪೈಲ್ವಾನನ ಬೊಗಸೆ ಮೂರು ಜನರ ಬೊಗಸೆಗೆ ಸಮ, ಅದು ಮೋಸವೋ ಅಲ್ಲವೋ ಎಂದು ಕಟ್ಟೆಯ ಮೇಲೆ ಎರಡು ದಿನ ವಾದವಾಯಿತು. ಜಯಶೀಲನ ತಾಯಿ ಮಗನ ಕಿವಿ ಹಿಂಡಿದಳೆಂದು ಕಾಣುತ್ತದೆ, ಅವನೂ ಬೋರ್ಡಿನ ಮಾತು ಬಿಟ್ಟು ತಿಂಗಳಿಗೆ ಹತ್ತು ಹೆಂಚು ಕಳಿಸತೊಡಗಿದ. ಬೊಗಸೆಯ ಕಾಳು ಅಡುಗೆಮನೆಗೆ ಸಾಕಾಯಿತು, ಆದರೆ ಔಷಧಕ್ಕೆ, ಸಂಬಳಕ್ಕೆ ಕಾಳು ನಡೆಯುವುದಿಲ್ಲವಲ್ಲ. ಅದಕ್ಕೆ ದಿನ ತುಂಬಲು ಕಾದು ಕೂತಿರುವ ಬಸುರಿಯರ ಜೊತೆಗೆ ಬಂದ ಅಜ್ಜಿಯಂದಿರನ್ನು ಅಂಬುಜಕ್ಕ ಹಿತ್ತಿಲಲ್ಲಿ ಸೇರಿಸಿ ಬಾಣಂತಿ ಖಾರ ಕುಟ್ಟಿಸಿದಳು, ಅಂಟಿನ ಉಂಡೆ ಕಟ್ಟಿಸಿದಳು, ಕೌದಿ ಹೊಲಿಸಿದಳು. ಆ ಖಾರದ ಹೆಸರು ಪಕ್ಕದ ಸಂತೆಗಳಿಗೂ ಹಬ್ಬಿತು. ಸ್ವಂತ ದುಡಿಮೆಯ ದುಡ್ಡು ಯಾವ ದಿಕ್ಕಿಗೂ ಎಳೆಯುವುದಿಲ್ಲ, ತಳಪಾಯಕ್ಕೇ ಇಳಿಯುತ್ತದೆ ಎಂದು ಗೌಸ್ ಮೇಸ್ತ್ರಿ ಆಗ ಕಂಡುಹಿಡಿದ.

ಶೆಟ್ಟರ ಪಾಲನ್ನು ಒಮ್ಮೆಗೇ ನಿಲ್ಲಿಸಲಿಲ್ಲ, ಮನೆ ಹಾರಿ ಬಿದ್ದೀತು ಎಂದು ತಿಂಗಳಿಗೊಂದಿಷ್ಟು ಇಳಿಸುತ್ತಾ ಬಂದರು. ಮನೆ ಒಂದೊಂದೇ ಬೆರಳು ಮೇಲೆದ್ದಿತು. ಇಳಿಜಾರಿಗೆ ಒಗ್ಗಿದ್ದ ದಾದಿಯರು ಸಮನೆಲದಲ್ಲಿ ಕಾಲು ಎಡವಿದರು. ನಾನು ಕೊಯ್ದಿದ್ದ ಮಂಚದ ಕಾಲುಗಳಿಗೆಲ್ಲ ಮತ್ತೆ ತುಂಡು ಜೋಡಿಸಬೇಕಾಯಿತು. ಇಷ್ಟು ವರ್ಷದ ನನ್ನ ಕೆಲಸವನ್ನು ನಾನೇ ಬಿಚ್ಚುತ್ತಾ ಕೂತಾಗ ಅಂಬುಜಕ್ಕ ಕಲ್ಲಿನ ಮೇಲೆ ಕೂತು ನಕ್ಕಳು. ಮುಂದಿನ ಮಳೆಗಾಲ ಬಂತು, ಎಂಟು ದಿನ ಜಡಿಯಿತು, ಹೋಯಿತು. ಹೆರಿಗೆ ಮನೆ ನಿಂತೇ ಇತ್ತು. ಆ ಎಂಟು ದಿನದಲ್ಲಿ ಆರು ಹೆರಿಗೆಯಾದವು, ಅದರಲ್ಲೊಂದು ಅವಳಿ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಆದರೆ ನಮ್ಮೂರಿನ ಬಾಯಿ ಮುಗಿಯಲು ಬಿಡುತ್ತದೆಯೇ? ಶೆಟ್ಟರು ವಯಸ್ಸಾಯಿತೆಂಬ ನೆಪದಲ್ಲಿ ಮಿಲ್ಲು ಮಾರಿ, ಗುಟ್ಟಾಗಿ ಗಿರವಿ ತೀರಿಸಿ ಮನೆಯಲ್ಲಿ ಕೂತಿದ್ದರು. ಅವರ ಮನೆ ಮುಂದೆ ಹೋಗುವವರು ಹೆರಿಗೆ ಮನೆಯ ಕಡೆ ತಿರುಗಿ ನೋಡಿ, ಎಷ್ಟು ನೆಟ್ಟಗೆ ನಿಂತಿದೆ ನೋಡಿ, ಕಟ್ಟಿಸಿದವರ ಕಡೆ ಒಂದು ಕೂದಲಿನಷ್ಟೂ ಬಾಗಿಲ್ಲ ಎನ್ನತೊಡಗಿದರು. ಅಂಬುಜಕ್ಕನಿಗೆ ಹತ್ತು ಬಾಗಿಲಿನ ಅನ್ನ ಸಿಕ್ಕಿತು, ಮೊದಲ ಬಾಗಿಲು ಮರೆತಳು ಎಂದರು. ಬೊಗಸೆ ಕೊಟ್ಟವರ ಬಾಯಲ್ಲೂ ಈ ಮಾತು ಬಂತು. ಅವಳಿಗೂ ಮುಟ್ಟಿತು. ಯಾವ ಮಾತಿಗೆ ಹೆದರಿ ಶೆಟ್ಟರಲ್ಲಿಗೆ ಹೋಗಲು ಹಿಂಜರಿದಿದ್ದಳೋ ಅದೇ ಮಾತು. ನಿಜ ಹೇಳಬೇಕೆಂದರೆ ಶೆಟ್ಟರ ಗುಟ್ಟು ಬಿಚ್ಚಬೇಕು, ಅವಳು ಬಿಚ್ಚಲಿಲ್ಲ. ಸಂತೆಗೆ ಹೋಗುವುದನ್ನು ಬಿಟ್ಟಳು.

ನಿಜವೇನೆಂದರೆ, ಮಿಲ್ಲು ಮಾರಿದ ತಿಂಗಳಿನಿಂದ ಶೆಟ್ಟರ ಮನೆಯ ಒಲೆ ಉರಿಯುತ್ತಿರಲಿಲ್ಲ. ಅಂಬುಜಕ್ಕ ದಿನಾ ಎರಡು ಹೊತ್ತು ಕ್ಯಾರಿಯರಿನಲ್ಲಿ ಊಟ ಹೊತ್ತು ಹಿತ್ತಿಲ ಬಾಗಿಲಿಂದ ಹೋಗುತ್ತಿದ್ದಳು. ಕೈ ಚಾಚಿ ಉಂಡವನಲ್ಲ ನಾನು ಎಂದು ಅವರು ಮೊದಲು ಮುಖ ತಿರುಗಿಸಿದರು. ಇದು ನಿಮ್ಮ ಊಟವಲ್ಲ, ಬಾಣಂತಿಯರ ಸಾರಿಗೆ ಉಪ್ಪು ಸರಿಯಿದೆಯೇ ಎಂದು ನೀವು ದಿನಾ ನೋಡಿ ಹೇಳಬೇಕು, ಅಡುಗೆಯವಳನ್ನು ನಂಬುವ ಹಾಗಿಲ್ಲ ಎಂದು ಅವಳು ಗಂಭೀರವಾಗಿ ಹೇಳಿದಳು. ಶೆಟ್ಟರು ನೋಡಿ ಹೇಳತೊಡಗಿದರು. ಎರಡು ತಿಂಗಳಲ್ಲಿ ಅವರ ಮನೆ ಹೆರಿಗೆ ಮನೆಯಿರುವ ಊರ ನಡುವಿಗೆ, ಪಶ್ಚಿಮಕ್ಕೆ ವಾಲತೊಡಗಿತು. ನನ್ನನ್ನು ಕರೆಸಿದರು, ಉತ್ತರದ ತೊಲೆಗಳನ್ನು ಕಿತ್ತು ಪಶ್ಚಿಮದ ಗೋಡೆಗೆ ಕೊಟ್ಟೆ. ಮತ್ತೆ ಉಳಿ ಮುಟ್ಟಿದೆ.

ಒಂದು ಸಂತೆಯ ದಿನ ಮಧ್ಯಾಹ್ನ ಶೆಟ್ಟರು ಕರೆದರೆಂದು ಹೋದೆ. ಇನ್ನೊಂದು ತೊಲೆ ಬೇಕಾಗಿದೆಯೇನೋ ಎಂದು ಹೊತ್ತುಕೊಂಡೇ ಹೋಗಿದ್ದೆ. ಅವರು ಮೂಟೆಗಳನ್ನು ಆಗಲೇ ಜರುಗಿಸಿ, ಮೈಯೆಲ್ಲ ಹಿಂಡಿಯ ಹುಡಿ ಮಾಡಿಕೊಂಡು ನಿಂತಿದ್ದರು. ಬೀದಿಯಲ್ಲಿ ಯಾರೋ ಇಬ್ಬರು ಅಂಬುಜಕ್ಕನನ್ನು ಆಡಿಕೊಂಡು ಹೋದದ್ದು ಅವರ ಕಿವಿಗೆ ಬಿದ್ದಿತ್ತು. "ತೆಗೆದುಬಿಡು ಆಚಾರಿ, ಎಲ್ಲಾನೂ," ಎಂದರು. ಊರೆಲ್ಲ ನೋಡುತ್ತದೆ, ಇಂದು ಸಂತೆ ಬೇರೆ ಎಂದು ನಾನು ಹಿಂಜರಿದೆ. ಅದಕ್ಕೇ ಇವತ್ತು ಕರೆದದ್ದು ಎಂದರು. ನನ್ನ ಆಣೆಯನ್ನೂ ಅವರೇ ಬಿಡಿಸಿದರು.

ನಾನು ಕೊಡತಿ ಎತ್ತಿ ಒಂದೊಂದೇ ತೊಲೆಯ ಬುಡಕ್ಕೆ ಕೊಟ್ಟೆ. ಮೂರನೆಯದು ಕಳಚಿದಾಗ ಮನೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ, ಹೆಂಚು ಜಾರಿಸಿ, ಎರಡು ಗೇಣು ಪಶ್ಚಿಮಕ್ಕೆ ಬಾಗಿ ನಿಂತಿತು. ಸದ್ದಿಗೆ ಸಂತೆಯ ಜನ ಓಡಿಬಂದು ಬೀದಿ ತುಂಬಿದರು. ಮನೆ ಯಾವ ಕಡೆ ಬಾಗಿದೆ, ಆ ಕಡೆ ಏನಿದೆ ಎಂದು ಎಲ್ಲರಿಗೂ ಒಂದೇ ನೋಟಕ್ಕೆ ತಿಳಿಯಿತು. ಎದುರಿಗೆ ಆಡಬಾರದ ಮಾತು, ಯಾರೂ ಆಡಲಿಲ್ಲ. ಅವಳನ್ನು ಆಡಿಕೊಂಡಿದ್ದ ಬಾಯಿಗಳೂ ಅಲ್ಲೇ ನಿಂತಿದ್ದವು. ಶೆಟ್ಟರು ಬಾಗಿದ ಬಾಗಿಲನ್ನು ಹಿಡಿದು ಜಗುಲಿಗೆ ಬಂದು, ಹಿಂಡಿಯ ಹುಡಿ ಕೊಡವಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಕೂತರು.

ಕೊನೆಗೆ ದಿನಸಿ ಅಂಗಡಿಯವನು, ಏನಾದರೂ ಹೇಳಲೇಬೇಕೆಂದು, ತಲೆ ತಗ್ಗಿಸಿ, "ಊಟ ಆಯ್ತಾ ಶೆಟ್ರೇ?" ಎಂದ.

"ಆಯ್ತು ಕಣಪ್ಪ," ಎಂದರು ಶೆಟ್ಟರು. "ದಿನಾ ಮಗಳು ಕಳಿಸ್ತಾಳೆ."